ಮೈಕಟ್ಟಿನ ಬಗ್ಗೆ ಸಂದರ್ಶನ: ತಕ್ಕಡಿ ಆಮೇಲೆ, ಮಾತು ಮೊದಲು

ಕಾಲೇಜು ಪ್ರಾಜೆಕ್ಟ್ ಇರಲಿ, ಪತ್ರಿಕೆ ಲೇಖನ ಇರಲಿ, ಯಾರನ್ನಾದರೂ ಅವರ ದಪ್ಪ-ಸಣ್ಣದ ಬಗ್ಗೆ ಮಾತಾಡಿಸಬೇಕಾದರೆ ಮೊದಲು ಜಾಗ ನೋಡಿಕೊಳ್ಳಿ. ಮನೆ ಹಾಲ್‌ನಲ್ಲಿ ಕೂತರೆ ಅತ್ತೆ ಕಾಫಿ ತರುತ್ತಾರೆ, ನಾದಿನಿ ಪಕ್ಕಕ್ಕೆ ಬಂದು ಕೂರುತ್ತಾಳೆ, "ಮದುವೆಲಿ ಕಡ್ಡಿ ಥರ ಇದ್ಲು, ಬಾಣಂತನ ಆದ್ಮೇಲೆ ಹಿಂಗೆ" ಅಂತ ಉತ್ತರವನ್ನೂ ಅವರೇ ಕೊಡುತ್ತಾರೆ. ಮಾತಾಡಬೇಕಾದವರು ಸುಮ್ನೆ ನಗುತ್ತಾರೆ. ಆ ನಗುವನ್ನು ಒಪ್ಪಿಗೆ ಅಂತ ಬರೆದುಕೊಳ್ಳಬೇಡಿ. ಟೆರೇಸಿಗೋ ಪಾರ್ಕಿಗೋ ಹೋಗಿ, ಆಗದಿದ್ದರೆ ಇನ್ನೊಂದು ದಿನ ಬನ್ನಿ.

"ಯಾಕೆ ದಪ್ಪ ಆದ್ರಿ?" ಅಂತ ಕೇಳಲೇಬೇಡಿ. ಅದು ಪ್ರಶ್ನೆಯಲ್ಲ, ವಿಚಾರಣೆ. ಬಟ್ಟೆಯಿಂದ ಶುರು ಮಾಡಿ. ಬ್ಲೌಸ್ ಹೊಲಿಸುವಾಗ ಟೈಲರ್ ಬದಿಯಲ್ಲಿ ಸ್ವಲ್ಪ ಬಟ್ಟೆ ಬಿಟ್ಟು ಎರಡು ಮೂರು ಹೊಲಿಗೆ ಹಾಕಿರುತ್ತಾರಲ್ವಾ, ಅದರಲ್ಲಿ ಒಂದೊಂದನ್ನು ಯಾವಾಗ ಬಿಚ್ಚಬೇಕಾಯ್ತು ಅಂತ ಕೇಳಿದರೆ ಹೆರಿಗೆ, ಥೈರಾಯ್ಡ್, ಕೆಲಸ ಬಿಟ್ಟಿದ್ದು, ಯಾರೋ ಆಡಿದ ಮಾತು ಎಲ್ಲ ತಾನಾಗೇ ಬರುತ್ತವೆ. ತೆಳ್ಳಗಿರುವವರನ್ನೂ ಮಾತಾಡಿಸಿ, "ಮನೇಲಿ ಊಟ ಹಾಕಲ್ವಾ" ಅಂತ ಕೇಳಿಸಿಕೊಂಡು ಅವರಿಗೂ ಸಾಕಾಗಿರುತ್ತೆ. ಯಾರಾದರೂ ದಪ್ಪ ಅನ್ನದೆ "ತುಂಬಿಕೊಂಡಿದ್ದೀನಿ" ಅಂದರೆ ನೀವೂ ಅವರ ಬಗ್ಗೆ ಅದೇ ಪದ ಬಳಸಿ.

1983ರಲ್ಲಿ ಸ್ಟಂಕರ್ಡ್ ಅನ್ನೋ ಸಂಶೋಧಕರು ಮತ್ತು ಜೊತೆಗಾರರು ಬಳಸಿದ, ತೆಳ್ಳಗಿನಿಂದ ದಪ್ಪದವರೆಗಿನ ಒಂಬತ್ತು ಆಕೃತಿಗಳ ಚಿತ್ರಗಳಿವೆ: ಈಗ ಯಾವ ಥರ ಇದ್ದೀರಿ, ಯಾವ ಥರ ಇರಬೇಕು ಅಂತ ಬೆರಳಿಟ್ಟು ತೋರಿಸುವುದು. ಉಪಯೋಗಕ್ಕೆ ಬರುತ್ತೆ, ಆದರೆ ಕೊನೆಯಲ್ಲಿ ತೋರಿಸಿ. ಮೊದಲೇ ತೋರಿಸಿದರೆ ಒಂದು ನಂಬರ್ ಹೇಳಿ ಸುಮ್ಮನಾಗಿಬಿಡುತ್ತಾರೆ.

ತೂಕ ನಿಜವಾಗಲೂ ಬೇಕಾ? ಬಾಯಲ್ಲಿ ಕೇಳಿದರೆ ಜನ ಸಾಮಾನ್ಯವಾಗಿ ಎತ್ತರ ಜಾಸ್ತಿ, ತೂಕ ಕಮ್ಮಿ ಹೇಳುತ್ತಾರೆ, ಹಾಗಾಗಿ ನಿಖರ ಲೆಕ್ಕ ಬೇಕಿದ್ದರೆ ಅಳೆಯಲೇಬೇಕು. ಒಬ್ಬರೇ ಇರುವಾಗ ಅಳೆಯಿರಿ, ಅಂಕಿ ನೋಡಲು ಇಷ್ಟವಿಲ್ಲದವರನ್ನು ಬೆನ್ನು ತಿರುಗಿಸಿ ನಿಲ್ಲಿಸಿ. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 23 ದಾಟಿದರೆ ಭಾರತೀಯರ ಲೆಕ್ಕದಲ್ಲಿ ತೂಕ ಜಾಸ್ತಿ ಅಂತ ಡಾಕ್ಟರು ಹೇಳಲಿ, ಅದು ನಿಮ್ಮ ಕೆಲಸವಲ್ಲ. ಡಯಟ್ ಟಿಪ್ಸಂತೂ ಬೇಡವೇ ಬೇಡ.

ಹದಿನೆಂಟರ ಒಳಗಿನವರಾದರೆ ಅಪ್ಪ ಅಥವಾ ಅಮ್ಮನ ಸಹಿ ಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ ಏಳು ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಅಮ್ಮ ಸಹಿ ಹಾಕಿದ ಮೇಲೂ ಹುಡುಗಿ ತಲೆ ಅಲ್ಲಾಡಿಸಿದರೆ ರೆಕಾರ್ಡರ್ ಆಫ್ ಮಾಡಿ.

ಬರೆಯುವಾಗ ಹೆಸರು ಬದಲಾಯಿಸಿದರೆ ಸಾಲದು. ಸಣ್ಣ ಊರಲ್ಲಿ "92 ಕೆಜಿ ತೂಕದ ಗಣಿತದ ಮೇಡಂ" ಅಂದರೆ ಇಡೀ ಬಸ್‌ಸ್ಟ್ಯಾಂಡಿಗೇ ಗೊತ್ತಾಗುತ್ತೆ. ಊರು, ಕೆಲಸ, ಅಂಕಿ ಮೂರನ್ನೂ ಒಟ್ಟಿಗೆ ಹಾಕಬೇಡಿ. ಮುಖ ಕತ್ತರಿಸಿ ಬರೀ ಹೊಟ್ಟೆ ತೋರಿಸುವ ಫೋಟೊ ಕೂಡ ಬೇಡ. ಅಚ್ಚಿಗೆ ಹೋಗುವ ಮುಂಚೆ ಅವರ ಮಾತನ್ನು ಅವರಿಗೇ ಓದಿ ಹೇಳಿ, ತೆಗೀರಿ ಅಂದಿದ್ದನ್ನು ತೆಗೆದುಬಿಡಿ.