“ನೆನಪಿದೆಯಾ?” ಅಂತ ಕೇಳಬೇಡಿ

ತಲೆಗೆ ಪೆಟ್ಟಾಗಿ ಮನೆಗೆ ಬಂದವರನ್ನು ನೋಡಿಕೊಳ್ಳುತ್ತಿರುವವರಿಗೆ ಒಂದು ಮಾತು. ನನ್ನ ತಮ್ಮ ಬೈಕಿನಿಂದ ಬಿದ್ದ ಮೇಲೆ ಶಾಲೆ ದಿನಗಳೆಲ್ಲ ನೆನಪಿದ್ದವು, ಬೆಳಿಗ್ಗೆ ತಿಂದ ಉಪ್ಪಿಟ್ಟು ಮಾತ್ರ ನೆನಪಿರುತ್ತಿರಲಿಲ್ಲ. “ಯೋಚನೆ ಮಾಡಿ ಹೇಳು” ಅಂತ ನಾವೆಲ್ಲ ದಿನವಿಡೀ ಪರೀಕ್ಷೆ ಮಾಡುತ್ತಿದ್ದೆವು. ಅದೇ ತಪ್ಪು.

ಇಂಥವರು ಊಹೆ ಮಾಡಿ ತಪ್ಪು ಹೇಳಿದರೆ ಆ ತಪ್ಪೇ ತಲೆಯಲ್ಲಿ ಕೂತುಬಿಡುತ್ತದೆ. ನಾವು ತಿದ್ದಿದ್ದು ಮರೆತುಹೋಗುತ್ತದೆ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞರಾದ ಬ್ಯಾಡ್ಲಿ ಮತ್ತು ವಿಲ್ಸನ್ 1994ರಲ್ಲೇ ಇದನ್ನು ತೋರಿಸಿದ್ದಾರೆ. ಹಾಗಾಗಿ ಉತ್ತರ ಮೊದಲು ನೀವೇ ಹೇಳಿ: “ಮಾತ್ರೆ ನೀಲಿ ಡಬ್ಬಿಯಲ್ಲಿದೆ.” ತಕ್ಷಣ “ಮಾತ್ರೆ ಎಲ್ಲಿದೆ?” ಅಂತ ಕೇಳಿ. ಆಮೇಲೆ ಅರ್ಧ ನಿಮಿಷ ಬಿಟ್ಟು, ಒಂದು, ಎರಡು, ನಾಲ್ಕು ನಿಮಿಷ ಬಿಟ್ಟು ಕೇಳುತ್ತಾ ಹೋಗಿ. ತಡವರಿಸಿದರೆ ಕಾಯಬೇಡಿ, ಹೇಳಿಬಿಡಿ, ಮತ್ತೆ ಹಿಂದಿನ ಅಂತರದಿಂದ ಶುರು ಮಾಡಿ. ಒಂದು ಸಲಕ್ಕೆ ಒಂದೇ ವಿಷಯ. ಬೇಸರದ ಕೆಲಸ, ಸುಳ್ಳು ಹೇಳಲ್ಲ.

ಡೈರಿಯಲ್ಲಿ ಬರೆದಿಡುವುದು ಒಳ್ಳೆಯದೇ. ಆದರೆ ಡೈರಿ ನೋಡಬೇಕು ಅನ್ನೋದೇ ಮರೆತರೆ ಏನು ಪ್ರಯೋಜನ, ಅಲ್ವಾ? ಫೋನಿನಲ್ಲಿ ಅಲಾರಂ ಇಟ್ಟು ಅದಕ್ಕೆ “ಡೈರಿ ನೋಡು” ಅಂತಲೇ ಹೆಸರು ಕೊಡಿ. ಡೈರಿ ಯಾವಾಗಲೂ ಒಂದೇ ಜಾಗದಲ್ಲಿರಲಿ. ನಮ್ಮದು ಫ್ರಿಜ್ ಮೇಲೆ.

ಮೆದುಳಿನ ಆಟದ ಆಪ್‌ಗಳಿಗೆ ಸುಮ್ನೆ ದುಡ್ಡು ಹಾಕಬೇಡಿ. ಆಟದಲ್ಲಿ ಚುರುಕಾಗುತ್ತಾರೆ, ಮಾತ್ರೆ ಮರೆಯುವುದು ಹಾಗೇ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರಸಂಬಂಧಿ ಪುನರ್ವಸತಿ ವಿಭಾಗವಿದೆ, ವಿಚಾರಿಸಿ.

ಮರೆವು ಇದ್ದಕ್ಕಿದ್ದಂತೆ ಜಾಸ್ತಿಯಾದರೆ, ಜೊತೆಗೆ ತಲೆನೋವು, ವಾಂತಿ, ಮಂಪರು ಇದ್ದರೆ ಡೈರಿ ಬದಿಗಿಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ.