‘ಆಡ್ ಟು ಕಾರ್ಟ್’ ಹೋಗಿ ‘ಚೀಲಕ್ಕೆ ಹಾಕಿ’ ಬರಬೇಕಂದ್ರ ಏನ್ ಮಾಡ್ಬೇಕು?

ಗುಳೇದಗುಡ್ಡದಾಗ ನಮ್ಮ ಮಾಮಾಂದು ಖಣದ ಅಂಗಡಿ ಐತಿ. ಸೈಟ್ ಕಟ್ಟೋ ತಂತ್ರಾಂಶ ವರ್ಡ್‌ಪ್ರೆಸ್‌ನ್ಯಾಗ ಸೈಟ್ ಮಾಡಿ, ಅದಕ್ಕ ಆನ್‌ಲೈನ್ ಅಂಗಡಿ ಜೋಡಿಸೋ ವೂಕಾಮರ್ಸ್ ಹಾಕಿ, ಇಳಕಲ್ ಸೀರಿ, ಕುಬಸದ ಖಣ ಎಲ್ಲಾ ಫೋಟೊ ಸಮೇತ ಏರಿಸಿದ್ವಿ, ವಿವರಾನೂ ಕನ್ನಡದಾಗ ಬರದ್ವಿ, ಆದ್ರ ಬಟನ್ ಮ್ಯಾಲ ಮಾತ್ರ ‘ಆಡ್ ಟು ಕಾರ್ಟ್’, ‘ಚೆಕ್‌ಔಟ್’ ಹಂಗ ಉಳದಿದ್ವು. ಅತ್ತಿ ಫೋನ್ ಹಿಡ್ಕೊಂಡು ‘ಇದನ್ನ ಒತ್ತಿದ್ರ ರೊಕ್ಕ ಹೋಗ್ತೈತೇನಪಾ?’ ಅಂತ ಕೇಳಿದ್ರು. ಅವತ್ತ ಕುಂತು ತಿದ್ದಾಕ ಸುರು ಮಾಡ್ದೆ. ಕೋಡ್ ಬರಬೇಕಂತಿಲ್ಲ, ನೀವೂ ಮಾಡಬಹುದು.

ಮೊದಲ ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್ ಒಳಗ ಜನರಲ್‌ಗೆ ಹೋಗಿ ಸೈಟ್ ಲ್ಯಾಂಗ್ವೇಜ್ ಕನ್ನಡ ಮಾಡ್ರಿ. ನಿಮಗ ಡ್ಯಾಶ್‌ಬೋರ್ಡ್ (ಸೈಟ್ ನಡೆಸೋರಿಗಷ್ಟ ಕಾಣೋ ಪುಟ) ಇಂಗ್ಲಿಷಿನ್ಯಾಗ ರೂಢಿ ಆಗಿದ್ರ ನಿಮ್ಮ ಪ್ರೊಫೈಲ್‌ದಾಗ ಅದೊಂದನ್ನ ಇಂಗ್ಲಿಷ್ ಇಟ್ಕೋರಿ, 2016ರಾಗ ಬಂದ ವರ್ಡ್‌ಪ್ರೆಸ್ 4.7ನೇ ಆವೃತ್ತಿಯಿಂದ ಈ ಸೌಲಭ್ಯ ಐತಿ. ಇಷ್ಟಕ್ಕ ಒಂದಿಷ್ಟು ಪದ ತಾವ ಕನ್ನಡ ಆಗ್ತಾವ, ಉಳಿದವಕ್ಕ ಲೋಕೋ ಟ್ರಾನ್ಸ್‌ಲೇಟ್ ಅನ್ನೋ ಪ್ಲಗಿನ್ (ಸೈಟಿಗೆ ಜೋಡಿಸೋ ಸಣ್ಣ ತಂತ್ರಾಂಶ) ಹಾಕ್ರಿ.

ಅದರ ಮೆನುದಾಗ ಪ್ಲಗಿನ್ಸ್, ಅಲ್ಲಿ ವೂಕಾಮರ್ಸ್, ಆಮ್ಯಾಲ ನ್ಯೂ ಲ್ಯಾಂಗ್ವೇಜ್ ಒತ್ತಿ ಕನ್ನಡ ಆರಿಸ್ರಿ. ಫೈಲ್ ಎಲ್ಲಿ ಇಡ್ಬೇಕಂತ ಕೇಳ್ತೈತಿ, ‘ಕಸ್ಟಮ್’ ಅನ್ರಿ. ನಾನು ಮೊದಲನೇ ಸಲ ‘ಆಥರ್’ ಆರಿಸಿದ್ದೆ, ಅದು ಪ್ಲಗಿನ್ನಿನ ಸ್ವಂತ ಫೋಲ್ಡರ್, ಅಪ್‌ಡೇಟ್ ಆದಾಗ ಆ ಫೋಲ್ಡರ್ ಪೂರಾ ಹೊಸದ ಬರ್ತೈತಿ, ಎರಡು ರಾತ್ರಿ ಕುಂತು ಮಾಡಿದ ಅನುವಾದ ದೀಪಾವಳಿ ಗದ್ದಲದಾಗ ಅಳಿಸಿ ಹೋತು. ಭಾಳ ಸಂಕಟ ಆತು.

ಈಗ ಹುಡುಕೋ ಜಾಗದಾಗ ಬೇಕಾದ ಇಂಗ್ಲಿಷ್ ಸಾಲು ಟೈಪ್ ಮಾಡ್ರಿ, ಕೆಳಗ ಕನ್ನಡ ಬರದು ಸೇವ್ ಕೊಡ್ರಿ. ಸಾವಿರಗಟ್ಟಲೆ ಸಾಲು ಅದಾವ ಅಂತ ಹೆದರಬ್ಯಾಡ್ರಿ, ಗಿರಾಕಿ ಕಣ್ಣಿಗೆ ಬೀಳೋವಷ್ಟ ಮೊದಲ ಮುಗಿಸ್ರಿ. ‘ಕಾರ್ಟ್’ಗೆ ‘ಬಂಡಿ’ ಅಂದ್ರ ನಮ್ಮ ಕಡೆ ಚಕ್ಕಡಿನ ನೆನಪಾಗ್ತೈತಿ, ಅದಕ್ಕ ನಾವು ‘ಚೀಲ’ ಅಂತ ಇಟ್ವಿ. ‘ಆರ್ಡರ್’ ಬಂದಲ್ಲಿ ತಡದು ನೋಡ್ರಿ, ಒಂದು ಕಡೆ ಅದು ಗಿರಾಕಿ ಕೊಟ್ಟ ಆರ್ಡರ್, ಇನ್ನೊಂದು ಕಡೆ ಸಾಲು ಹಚ್ಚೋ ಕ್ರಮ.

ಎಲ್ಲಾಕಿಂತ ತ್ರಾಸು ಕೊಡೋದು ವಿಭಕ್ತಿ. ಕೆಲವು ಸಾಲಿನ್ಯಾಗ ಪರ್ಸೆಂಟ್ ಗುರುತು, ಅದರ ಬೆನ್ನಿಗೆ ಎಸ್ ಅಕ್ಷರ (%s) ಇರ್ತೈತಿ, ಅಲ್ಲಿ ಸೈಟ್ ತಾನ ಮಾಲಿನ ಹೆಸರು ತುಂಬ್ತೈತಿ, ಅದನ್ನ ಅಳಿಸಬ್ಯಾಡ್ರಿ. ಆ ಗುರುತಿನ ಮುಂದ ‘ಅನ್ನು’ ಅಂತ ಬರದ್ರ ಗಿರಾಕಿಗೆ ‘ಇಳಕಲ್ ಸೀರೆ ಅನ್ನು ಚೀಲಕ್ಕೆ ಸೇರಿಸಲಾಗಿದೆ’ ಅಂತ ಕಾಣ್ತೈತಿ, ಯಾರ ಬಾಯಾಗೂ ಹಂಗ ಬರಂಗಿಲ್ಲ. ಹೆಸರಿಗೆ ಏನೂ ಹತ್ತದಂಗ ಸಾಲನ್ನ ತಿರುಗಿಸ್ರಿ, ‘ಚೀಲಕ್ಕೆ ಸೇರಿತು:’ ಅಂತ ಮೊದಲ ಬರದು ಗುರುತನ್ನ ಕಡೀಕ ಇಡ್ರಿ, ಖಣ ಇರ್ಲಿ ಸೀರಿ ಇರ್ಲಿ ಸರಿ ಹೊಂದ್ತೈತಿ.

ಎಷ್ಟು ಹುಡುಕಿದ್ರೂ ಸಿಗದ ಪದ ಇದ್ರ ಅದು ನೀವ ಟೈಪ್ ಮಾಡಿದ್ದಿರಬೇಕು: ಮೆನು ಹೆಸರು, ಕ್ಯಾಟಗರಿ, ‘ಸೈಜ್’ ಇಂಥವು. ಅವನ್ನ ಹಾಕಿದ ಜಾಗದಾಗ ತಿದ್ದಬೇಕು. ನಾವು ಸೀರಿಗೆ ‘ಸೈಜ್’ ತಗದು ‘ಎಷ್ಟು ಗಜ’ ಮಾಡಿದ್ವಿ, 6, 8, 9 ಗಜ ಅಂತನ ಮಂದಿ ಕೇಳೋದು.

ಕಡೀಕ ಕ್ಯಾಶೆ (ಉಳಿಸಿಟ್ಟ ಹಳೇ ಪುಟಗಳ ಪ್ರತಿ) ಖಾಲಿ ಮಾಡಿ ಸಣ್ಣ ಫೋನಿನ್ಯಾಗ ತಗದು ನೋಡ್ರಿ. ಪದ ಉದ್ದ ಆಗಿ ಬಟನ್ ಎರಡು ಸಾಲಿಗೆ ಇಳಿದಿದ್ರ ಗಿಡ್ಡ ಮಾಡ್ರಿ, ಒತ್ತಕ್ಷರದ ಬುಡ ಕತ್ತರಿಸಿದಂಗ ಕಾಣ್ತಿದ್ರ ಥೀಮ್‌ದಾಗ (ಸೈಟಿನ ವಿನ್ಯಾಸ) ಲೈನ್ ಹೈಟ್, ಅಂದ್ರ ಸಾಲಿನ ಎತ್ತರ, ಒಂಚೂರು ಹೆಚ್ಚಿಸ್ರಿ.