ಮಳೆ ಹಿಡಿದರೆ ಮುಷ್ಕರ ಹೂಡುತ್ತಿದ್ದ ಮೋಟಾರು

ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಹಳ್ಳದಿಂದ ಮನೆಗೆ ನೀರೆತ್ತುವ ಮೋಟಾರು ಮಳೆ ಹಿಡಿದ ದಿನವೇ ಗುಂಯ್‌ಗುಟ್ಟಿ ನಿಲ್ಲುತ್ತಿತ್ತು. ಬಿಸಿಲು ಬಂದರೆ ಏನೂ ಆಗದಂತೆ ಓಡುತ್ತಿತ್ತು. ಮೋಟಾರು ಶುರುವಾಗಲು ನೆರವಾಗುವ ಕೆಪಾಸಿಟರ್ ಬದಲಿಸಿದ್ದು ದಂಡವಾಯಿತು.

ಕೊನೆಗೆ ಮೇನ್ ಆಫ್ ಮಾಡಿ, ಟೆಸ್ಟರ್ ಇಟ್ಟು ಖಚಿತಪಡಿಸಿಕೊಂಡು, ಕೇಬಲ್ ಗುಂಟ ನಡೆದೆ. ಸಿಲ್ವರ್ ಮರದ ಬುಡದಲ್ಲಿ ಹಳೆಯ ಜಾಯಿಂಟ್ ಸಿಕ್ಕಿತು. ಟೇಪು ಬಿಚ್ಚಿದರೆ ಒಳಗೆ ನೀರು; ತಾಮ್ರದ ಎಳೆಗಳು ಕಪ್ಪಾಗಿ, ಮುಟ್ಟಿದರೆ ಮುರಿಯುವಂತಿದ್ದವು. ಎರಡು ತುದಿಗಳನ್ನು ಸುಮ್ಮನೆ ಹೊಸೆದು ಬಿಟ್ಟವನು ನಾನೇ, ಇನ್ನು ಯಾರನ್ನು ಬೈಯಲಿ?

ಈ ಸಲ ತಾಮ್ರ ಹೊಳೆಯುವವರೆಗೂ ಹಿಂದಕ್ಕೆ ಕತ್ತರಿಸಿದೆ. ಒಂಟಿ ಗಟ್ಟಿ ತಂತಿಯಾಗಿದ್ದರೆ ಎರಡನ್ನೂ ಅಡ್ಡ ಹಾಕಿ, ಒಂದರ ತುದಿಯನ್ನು ಇನ್ನೊಂದರ ಮೈಗೆ ಐದಾರು ಸುತ್ತು ಬಿಗಿಯುವ ವೆಸ್ಟರ್ನ್ ಯೂನಿಯನ್ ಜೋಡಣೆ ಮಾಡಬಹುದಿತ್ತು. ಎಳೆದಷ್ಟೂ ಅದು ಬಿಗಿಯುತ್ತದೆ. ನಮ್ಮದು ಹಲವು ಎಳೆಗಳ ಕೇಬಲ್. ಹಾಗಾಗಿ ತಾಮ್ರದ ಚಿಕ್ಕ ಕೊಳವೆಯೊಳಗೆ ಎರಡೂ ಕಡೆಯಿಂದ ತುದಿ ತೂರಿಸಿ ಕ್ರಿಂಪಿಂಗ್ ಟೂಲ್‌ನಿಂದ ಅದುಮಿದೆ. ಫೇಸ್ ಮತ್ತು ನ್ಯೂಟ್ರಲ್ ಜಾಯಿಂಟುಗಳು ಅಕ್ಕಪಕ್ಕ ಬಾರದಂತೆ ಒಂದನ್ನು ನಾಲ್ಕು ಬೆರಳು ಮುಂದಕ್ಕೆ ಇಟ್ಟೆ. ಎಳೆದು ನೋಡಿದೆ, ಜಾರಲಿಲ್ಲ.

ಮೇಲೆ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಸುತ್ತಿದೆ. ಅದು ತನಗೆ ತಾನೇ ಬೆಸೆದುಕೊಳ್ಳುತ್ತದೆ. ಅದರ ಮೇಲೆ ಮಾಮೂಲಿ ಪಿವಿಸಿ ಟೇಪು. ಆಮೇಲೆ ಡಬ್ಬಿಯೊಳಗಿಟ್ಟು, ಗೂಟಕ್ಕೆ ಕಟ್ಟಿ ನೆಲದಿಂದ ಮೇಲೆತ್ತಿದೆ.

ಆಷಾಢದ ಜಡಿಮಳೆಯಲ್ಲೂ ಮೋಟಾರು ಓಡಿತು. ಚಿಕ್ಕಪ್ಪ ಮಾತ್ರ, "ಇಷ್ಟಕ್ಕೆ ಹೊಸ ಕೆಪಾಸಿಟರ್ ಯಾಕಪ್ಪ ತರಿಸಿದೆ?" ಎಂದು ಈಗಲೂ ಕೇಳುತ್ತಾರೆ.